‘ನಾಳೆ ಬಾ’ ಎಂದು ಬರೆದ ಬಾಗಿಲು ಪುಸ್ತಕವಾಗುವ ತನಕ

ಮೊನ್ನೆ ಮಂಗಳವಾರ ಅಂಚೆ ಕಚೇರಿಯಲ್ಲಿ ನಾಲ್ಕು ಪೊಟ್ಟಣಗಳನ್ನು ತೂಗಿಸಿ, ರಸೀದಿ ಪಡೆದು ಹೊರಗೆ ಬಂದಾಗ ಮಳೆ ಬಿಟ್ಟಿತ್ತು. ಕೋಲ್ಕತ್ತ, ಚೆನ್ನೈ, ಮುಂಬಯಿ ಮತ್ತು ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ. ಅಲ್ಲಿಗೆ ನನ್ನ ಮೊದಲ ಕಾದಂಬರಿಯ ಕೆಲಸ ಮುಗಿಯಿತು. ಮೊದಲ ವಾಕ್ಯ ಬರೆದದ್ದು 2021ರ ಏಪ್ರಿಲ್‌ನಲ್ಲಿ, ಕೊನೆಯ ರಸೀದಿ ಕೈಗೆ ಬಂದದ್ದು 2025ರ ಆಗಸ್ಟ್‌ನಲ್ಲಿ. ಬರೆದು ತಿದ್ದಲು ಇಪ್ಪತ್ತೆರಡು ತಿಂಗಳು ಹಿಡಿದರೆ, ಬರೆದದ್ದನ್ನು ಪುಸ್ತಕ ಮಾಡಲು ಅದಕ್ಕಿಂತ ಹೆಚ್ಚು ಹಿಡಿಯಿತು. ಆ ಎರಡೂವರೆ ವರ್ಷದಲ್ಲಿ ಯಾರಾದರೂ ಮೊದಲೇ ಹೇಳಿದ್ದರೆ ಉಳಿಯುತ್ತಿದ್ದ ದಿನಗಳು ಬಹಳ. ಸಣ್ಣ ಊರಿನಲ್ಲಿ ಕುಳಿತು ಇಂಥದೇ ಕಥೆಯೊಂದನ್ನು ಬರೆಯುತ್ತಿರುವವರು ಖಂಡಿತ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾದಂಬರಿ ಯಾವುದರ ಬಗ್ಗೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಂಗ್ಲಿಷಿನಲ್ಲಿ ಡಾರ್ಕ್ ಫ್ಯಾಂಟಸಿ ಎನ್ನುವ, ಭಯವೂ ಅದ್ಭುತವೂ ಬೆರೆತ ಬಗೆಯದು. ಊರು ಶರಾವತಿಯ ಹಿನ್ನೀರಿನ ದಂಡೆಯ ಒಂದು ಪುಟ್ಟ ಪೇಟೆ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದಾಗ ನೀರಿನಡಿಗೆ ಹೋದ ಹಳ್ಳಿಗಳ ಜೊತೆ ಅದಕ್ಕೂ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ನಮ್ಮ ಕಡೆಯವರು ಅದನ್ನು ಮಡೆನೂರು ಡ್ಯಾಮ್ ಎನ್ನುತ್ತಾರೆ. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಅದರ ಕಲ್ಲುಗಟ್ಟಣೆ ಮೇಲೆ ಕಾಣುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ನೋಡಿದ್ದೆ. ಬಿರುಕು ಬಿಟ್ಟ ಕೆಸರಿನ ನಡುವೆ ಅದು ನಿಂತಿದ್ದ ರೀತಿ ಮನಸ್ಸಿನಿಂದ ಹೋಗಲೇ ಇಲ್ಲ. ನನ್ನ ಕಥೆಯಲ್ಲಿ ಜನ ಊರು ಬಿಡುವಾಗ ತಮ್ಮ ಚೌಡಿಯ ಕಲ್ಲನ್ನು ಎತ್ತಿಕೊಂಡು ಬರುತ್ತಾರೆ, ಭೂತಪ್ಪನನ್ನು ತರುತ್ತಾರೆ, ನಾಗನನ್ನು ಹೊಸ ಬನದಲ್ಲಿ ಇಡುತ್ತಾರೆ. ಒಂದನ್ನು ಮಾತ್ರ ಬೇಕೆಂದೇ ಬಿಟ್ಟು ಬರುತ್ತಾರೆ. ಹಳೆಯ ಅಣೆಕಟ್ಟೆ ಮೇಲೆ ಕಂಡ ಬೇಸಿಗೆಯಲ್ಲಿ ಅದು ನಡೆದುಕೊಂಡು ಪೇಟೆಗೆ ಬರುತ್ತದೆ. ಮನೆಯವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ಈ ಎರಡು ಪದಗಳಿದ್ದುದು ಆ ಕಾಲದವರಿಗೆಲ್ಲ ನೆನಪಿದೆ. ಒಂದು ಬೆಳಿಗ್ಗೆ ಪೇಟೆಯಲ್ಲಿ ಯಾರೋ ನೆರೆಮನೆಯ ಬಾಗಿಲ ಬರಹವನ್ನು ಒದ್ದೆ ಬಟ್ಟೆಯಿಂದ ಒರೆಸಿಹಾಕಿರುತ್ತಾರೆ. ಕಾದಂಬರಿ ನಿಜವಾಗಿ ಶುರುವಾಗುವುದು ಅಲ್ಲಿಂದ.

ಬರೆಯುವಾಗ ಸಿಕ್ಕಿದ ದೊಡ್ಡ ತೊಡಕು ಕೆಟ್ಟದ್ದನ್ನು ತೋರಿಸುವುದು ಹೇಗೆ ಎಂಬುದು. ಮೊದಲ ನೂರು ಪುಟಗಳಲ್ಲಿ ಅದು ಕತ್ತಲು, ಹೊಗೆ, ಕೂಗು ಇಷ್ಟೇ ಆಗಿತ್ತು. ಓದಿದ ಅತ್ತಿಗೆ, “ಹೆದರಿಕೆಯೇ ಆಗಲಿಲ್ಲ ಕಣೇ” ಎಂದರು. ಆ ಚಳಿಗಾಲದಲ್ಲಿ ಒಂದು ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕುಳಿತು ರಾಕ್ಷಸ ಪಾತ್ರದ ಬಣ್ಣದ ವೇಷದವರು ಮುಖ ಬರೆದುಕೊಳ್ಳುವುದನ್ನು ನೋಡಿದೆ. ಅಕ್ಕಿಹಿಟ್ಟಿನ ಚಿಟ್ಟಿಯನ್ನು ಕಡ್ಡಿಯ ತುದಿಯಿಂದ ಕೆನ್ನೆಯ ಮೇಲೆ ಒಂದೊಂದೇ ಮುಳ್ಳಾಗಿ ನಿಲ್ಲಿಸುತ್ತಾ ಹೋದರು. ಒಂದು ಸಾಲು ಒಣಗಿದ ಮೇಲೆ ಇನ್ನೊಂದು ಸಾಲು. ನಡುವೆ ಯಾರೋ ಚಹಾ ತಂದುಕೊಟ್ಟರು. ತುಟಿ ಅಲುಗದಂತೆ ಗುಟುಕರಿಸಿ, ಮಗಳ ಫೀಸಿನ ಮಾತಾಡಿದರು. ಮೂರು ಗಂಟೆಯ ಹೊತ್ತಿಗೆ ನನ್ನೆದುರು ಕುಳಿತಿದ್ದವರ ಗುರುತು ಸಿಗಲಿಲ್ಲ. ದನಿ ಮಾತ್ರ ಫೀಸಿನ ಮಾತಾಡಿದ ಅದೇ ದನಿ. ಮನೆಗೆ ಬಂದು ಆ ನೂರು ಪುಟಗಳನ್ನು ಬದಿಗಿಟ್ಟು ಹೊಸದಾಗಿ ಬರೆದೆ. ಈ ಸಲ ಹಿನ್ನೀರಿನಿಂದ ಬಂದದ್ದಕ್ಕೆ ಹೊಗೆಯೂ ಇಲ್ಲ, ಕೂಗೂ ಇಲ್ಲ. ಅದು ಸಂತೆಯಲ್ಲಿ ಕುಶಲ ವಿಚಾರಿಸುತ್ತದೆ.

ಮಲೆನಾಡಿನಲ್ಲಿ ರೋಗರುಜಿನ ತರುವ ಮಾರಿಯನ್ನು ಊರ ಗಡಿ ದಾಟಿಸುವ ಪದ್ಧತಿ ಗೊತ್ತಿರುವವರಿಗೆ ಕಾದಂಬರಿಯ ಇನ್ನೊಂದು ಎಳೆ ತಿಳಿಯುತ್ತದೆ. ನಾವು ಗಡಿಯಾಚೆ ಬಿಟ್ಟದ್ದು ಮುಂದಿನ ಊರಿನ ಹೆಬ್ಬಾಗಿಲಲ್ಲಿ ನಿಂತಿರುತ್ತದೆ. ಇದಕ್ಕೇನು ಮಾಡಬೇಕು ಎಂದು ನನ್ನ ಪೇಟೆಯ ಮೂವರು, ಅಂದರೆ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್, ಒಬ್ಬ ಸೂಲಗಿತ್ತಿ, ಹತ್ತನೆಯ ತರಗತಿಯ ಒಬ್ಬ ಹುಡುಗಿ, ಕೇಳಿಕೊಳ್ಳುತ್ತಾರೆ. ಇದಕ್ಕಿಂತ ಹೆಚ್ಚು ಹೇಳಿದರೆ ಕಥೆ ಬಿಟ್ಟುಕೊಟ್ಟಂತಾಗುತ್ತದೆ.

2023ರ ಮಾರ್ಚ್‌ನಲ್ಲಿ ಹಸ್ತಪ್ರತಿಯನ್ನು ನಾಲ್ಕು ಪ್ರಕಾಶಕರಿಗೆ ಕಳುಹಿಸಿದೆ. ಒಬ್ಬರಿಂದ ಉತ್ತರವೇ ಬರಲಿಲ್ಲ. ಒಬ್ಬರು ಐದು ತಿಂಗಳ ಬಳಿಕ ಫೋನ್ ಮಾಡಿ, “ಇದು ಮಕ್ಕಳ ಪುಸ್ತಕವೋ, ಪತ್ತೇದಾರಿಯೋ? ಅಂಗಡಿಯಲ್ಲಿ ಯಾವ ಕಪಾಟಿನಲ್ಲಿ ಇಡಬೇಕು?” ಎಂದು ಕೇಳಿದರು. ಪ್ರಾಮಾಣಿಕವಾದ ಪ್ರಶ್ನೆ. ಅವರ ಮೇಲೆ ನನಗೆ ಬೇಸರವಿಲ್ಲ. ಮೂರನೆಯವರು ಒಪ್ಪಿದರು, ಆದರೆ ಮುನ್ನೂರು ಪ್ರತಿಗಳನ್ನು ನಾನೇ ಕೊಳ್ಳಬೇಕು ಎಂದರು. ಆ ದುಡ್ಡಿನಲ್ಲಿ ಪುಸ್ತಕವನ್ನು ನಾನೇ ಅಚ್ಚು ಹಾಕಿಸಬಹುದಿತ್ತು. ನಾಲ್ಕನೆಯವರ ಉತ್ತರಕ್ಕೆ ಹನ್ನೊಂದು ತಿಂಗಳು ಕಾದೆ. ಅವರಿಗೆ ಕಥೆ ಬಹಳ ಹಿಡಿಸಿತ್ತು. ಎರಡು ಬದಲಾವಣೆ ಕೇಳಿದರು: ಕೊನೆಯಲ್ಲಿ ದೇವಿಯೇ ಪ್ರತ್ಯಕ್ಷವಾಗಿ ಸಂಹಾರ ಮಾಡಬೇಕು, ಮುಳುಗಡೆಯ ಮಾತು ತೆಗೆಯಬೇಕು. ಆ ರಾತ್ರಿ ನಿದ್ದೆ ಬರಲಿಲ್ಲ. ಒಪ್ಪಿಬಿಡೋಣ ಎಂದು ಎರಡು ದಿನ ಅನ್ನಿಸುತ್ತಲೇ ಇತ್ತು. ಮುಳುಗಡೆ ತೆಗೆದರೆ ಆ ಪಿಡುಗು ಎಲ್ಲಿಂದಲೋ ಬಂದ ಪರದೇಶಿಯಾಗುತ್ತದೆ, ಊರಿನವರೆಲ್ಲ ಮುಗ್ಧರಾಗುತ್ತಾರೆ. ಅದು ನಾನು ಬರೆದ ಊರಲ್ಲ. ಮೂರನೆಯ ದಿನ ವಿನಯದಿಂದ ಬೇಡವೆಂದು ಬರೆದು, ನಾನೇ ಪ್ರಕಟಿಸುವುದೆಂದು ನಿರ್ಧರಿಸಿದೆ.

ಕಾಯುವವರಿಗೆ ನನ್ನ ಸಲಹೆ ಇಷ್ಟೇ. ಕಳುಹಿಸುವಾಗಲೇ “ನಾಲ್ಕು ತಿಂಗಳೊಳಗೆ ತಿಳಿಸಿದರೆ ಉಪಕಾರ, ಆಮೇಲೆ ಬೇರೆ ಕಡೆ ಕಳುಹಿಸುತ್ತೇನೆ” ಎಂದು ಪತ್ರದಲ್ಲಿ ಬರೆಯಿರಿ. ನಾನು ಸಂಕೋಚದಿಂದ ಬರೆಯಲಿಲ್ಲ, ಒಂದು ವರ್ಷ ಹೋಯಿತು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ವಯಸ್ಸು ಇರುವವರು ಅದರ ಪ್ರಕಟಣೆಗೆ ಕಣ್ಣಿಟ್ಟಿರಿ. ನನಗೆ ನಲವತ್ತಾರು, ಆ ದಾರಿ ನನ್ನದಾಗಿರಲಿಲ್ಲ.

ಇನ್ನು ಅಕ್ಷರಗಳ ಪಾಡು. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಕೆಲಸ ಮಾಡುವಲ್ಲಿ ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶ ಬಳಸಿ ಅಭ್ಯಾಸವಿದ್ದುದರಿಂದ ಇಡೀ ಕಾದಂಬರಿಯನ್ನು ಅದರ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚಿಸಿದ್ದೆ. ಕರಡು ತಿದ್ದುವವರು ಯುನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಅಕ್ಷರ ಸಂಕೇತ, ಕೇಳಿದರು. ಪರಿವರ್ತಕವೊಂದರಲ್ಲಿ ಹಾಕಿದೆ, ಒಂದು ನಿಮಿಷದಲ್ಲಿ ಬಂತು. ಮೇಲುಮೇಲೆ ನೋಡಿ ನೆಮ್ಮದಿಯಾಯಿತು. ರಾತ್ರಿ ಓದಲು ಕುಳಿತರೆ ಅರ್ಕಾವತ್ತುಗಳೆಲ್ಲ ಸ್ಥಾನ ತಪ್ಪಿದ್ದವು. ‘ಸೂರ್ಯ’ ಇದ್ದಲ್ಲಿ ‘ಸೂಯರ್’. ‘ಅರ್ಧ’ ಇದ್ದಲ್ಲಿ ‘ಅಧರ್’. ಒಳಿತು ಕೆಡುಕಿನ ಕಾದಂಬರಿ, ಅದರಲ್ಲಿ ‘ಧರ್ಮ’ ಎಂಬ ಪದ ಬಂದಲ್ಲೆಲ್ಲ ‘ಧಮರ್’. ಪರಿಚಯದ ಹುಡುಗನೊಬ್ಬ ಎಲ್ಲವನ್ನೂ ಒಟ್ಟಿಗೆ ತಿರುಗಿಸುವ ಸೂತ್ರ ಬರೆದುಕೊಟ್ಟ. ಅದನ್ನು ಓಡಿಸಿದ ಮೇಲೆ ‘ಧರ್ಮ’ ಸರಿಯಾಯಿತು, ನನ್ನ ಪೋಸ್ಟ್‌ಮಾಸ್ಟರ್ ಮಾತ್ರ ಎಲ್ಲ ಕಡೆ ‘ಪೋಸ್ಟ್‌ಮಾರ್ಸ್ಟ’ ಆಗಿಬಿಟ್ಟರು. ಡಾಕ್ಟರ್, ಮಾಸ್ತರ್, ಕಂಡಕ್ಟರ್, ಕೊನೆಯಲ್ಲಿ ನಿಜವಾಗಿಯೇ ‘ರ್’ ಇರುವ ಯಾವ ಪದವೂ ಉಳಿಯಲಿಲ್ಲ. ಅಳು ಬಂತು. ಮಾರನೆಯ ದಿನದಿಂದ ಒಂದೊಂದೇ ಪದ ಹುಡುಕಿ ಬದಲಿಸಿದೆ. ದಿನಾ ರಾತ್ರಿ ಎರಡೆರಡು ಗಂಟೆಯಂತೆ ಐದು ವಾರ.

ಅದಾದ ಮೇಲೆ ಅಕ್ಷರ ಜೋಡಣೆ ಮಾಡುವವರು, ತಮ್ಮಲ್ಲಿ ಹಳೆಯ ಪುಟವಿನ್ಯಾಸದ ತಂತ್ರಾಂಶವಿರುವುದರಿಂದ, ಮತ್ತೆ ಹಳೆಯ ಫಾಂಟಿಗೆ ತಿರುಗಿಸಿದರು. ಈ ಸಲ ‘ಏಪ್ರಿಲ್‌ನಲ್ಲಿ’ ಎಂಬಂಥ ಪದಗಳಲ್ಲಿ ‘ಲ್’ ಹೋಗಿ ‘ನ’ದ ಒತ್ತಕ್ಷರ ಮೂಡಿತು. ಆದ್ದರಿಂದ ಮೊದಲ ದಿನದಿಂದ ಯುನಿಕೋಡಿನಲ್ಲೇ ಬರೆಯಿರಿ. ನುಡಿಯಲ್ಲೂ ಯುನಿಕೋಡ್ ಆಯ್ಕೆ ಇದೆ, ಕೀಲಿಮಣೆಯ ಅಭ್ಯಾಸ ಬದಲಾಗುವುದಿಲ್ಲ. ಅಕ್ಷರ ಜೋಡಣೆಯವರನ್ನು ಗೊತ್ತುಮಾಡುವ ಮೊದಲೇ “ಯುನಿಕೋಡಿನಲ್ಲೇ ಪುಟ ಕಟ್ಟುತ್ತೀರಾ?” ಎಂದು ಕೇಳಿ. ಪುಟಕ್ಕೆ ಐದು ರೂಪಾಯಿ ಹೆಚ್ಚಾದರೂ ಅಂಥವರಿಗೇ ಕೊಡಿ.

ಪುಟಗಳ ಲೆಕ್ಕದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಪುಸ್ತಕದ ಸಾಮಾನ್ಯ ಅಳತೆ ಡೆಮಿ 1/8. ಮುದ್ರಣ ಫಾರಂ ಲೆಕ್ಕದಲ್ಲಿ ನಡೆಯುತ್ತದೆ, ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ. ನನ್ನದು ಮೊದಲು 261 ಪುಟ ಬಂದಿತ್ತು. ಐದು ಪುಟ ಕಡಿಮೆ ಮಾಡಿ 256ಕ್ಕೆ ಇಳಿಸಿದರೆ ಹದಿನಾರು ಫಾರಂ, ಇಲ್ಲವೇ 272ಕ್ಕೆ ಹಿಗ್ಗಿಸಿದರೆ ಹದಿನೇಳು. ಅಕ್ಷರ ಕಿರಿದಾಗಿಸಿದರೆ ವಯಸ್ಸಾದವರು ಓದಲಾರರು ಎಂದು ಹಿಗ್ಗಿಸಿದೆ, ಅಧ್ಯಾಯಗಳಿಗೆ ಉಸಿರಾಡುವ ಜಾಗ ಸಿಕ್ಕಿತು.

ಮುಖಪುಟಕ್ಕೆ ಕಲಾವಿದರು ಮೊದಲು ಕಳುಹಿಸಿದ್ದರಲ್ಲಿ ಕೆಂಪು ಕಣ್ಣು, ತಲೆಬುರುಡೆ, ಪೂರ್ಣಚಂದ್ರ ಇದ್ದವು. ಚೆನ್ನಾಗಿಯೇ ಬರೆದಿದ್ದರು, ಆದರೆ ಅದು ನಮ್ಮ ಊರಾಗಿರಲಿಲ್ಲ. ತುಮರಿ ಕಡೆಯ ದೊಡ್ಡಮ್ಮನ ಮನೆಯ ಕೊಟ್ಟಿಗೆಯಲ್ಲಿ ಹಳೆಯ ಬಾಗಿಲಿನ ಒಂದು ಹಲಗೆ ಇತ್ತು. ಲಾಂಚಿನಲ್ಲಿ ಹಿನ್ನೀರು ದಾಟಿ ಹೋದೆ. ಆಗಿನ್ನೂ ಸೇತುವೆ ಆಗಿರಲಿಲ್ಲ. “ದೊಡ್ಡಮ್ಮ, ಆಗ ನೀವು ಬರೆದಿದ್ದ ಹಾಗೆಯೇ ಇನ್ನೊಮ್ಮೆ ಬರೆದುಕೊಡಿ” ಎಂದೆ. ಅವರು ಮಾತಾಡದೆ ಒಲೆಯಿಂದ ಒಂದು ಇದ್ದಿಲು ತಂದರು. ಸೀಮೆಸುಣ್ಣ ಆಗ ಶಾಲೆ ಮಕ್ಕಳಿರುವ ಮನೆಯಲ್ಲಿ ಮಾತ್ರ ಸಿಗುತ್ತಿತ್ತಂತೆ. ಹಲಗೆಯನ್ನು ಸೆರಗಿನಿಂದ ಒರೆಸಿ ‘ನಾ’ ಬರೆದರು. ‘ಳೆ’ ಬರೆಯುವಾಗ ಇದ್ದಿಲು ಮುರಿಯಿತು. ಉಳಿದ ತುಂಡಿನಲ್ಲಿ ಮುಂದುವರಿಸಿದ್ದರಿಂದ ‘ಬಾ’ ದಪ್ಪವಾಗಿ, ಸ್ವಲ್ಪ ಕೆಳಗೆ ಜಾರಿ ಕುಳಿತಿತು. ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಫೋಟೋ ತೆಗೆದ ಮೇಲೆ ಅಳಿಸುವುದು ಬೇಡ, ಹಾಗೇ ಇರಲಿ” ಎಂದರು. ಕಲಾವಿದರು ಆ ಫೋಟೋದ ಮೇಲೆ ಬೆಳಕು ಮಾತ್ರ ಸೇರಿಸಿದರು. ಮುಖಪುಟ ಅದೇ. ಚಿತ್ರವನ್ನು ಪುಸ್ತಕಕ್ಕೆ, ಪ್ರಚಾರಕ್ಕೆ, ಮರುಮುದ್ರಣಕ್ಕೆ ಬಳಸಬಹುದೆಂದು ಅವರಿಂದ ಒಂದು ಕಾಗದದಲ್ಲಿ ಬರೆಸಿ ಸಹಿ ಪಡೆದೆ. ಸ್ನೇಹವಿದ್ದರೂ ಈ ಕಾಗದ ಇರಲಿ.

ಪ್ರತಿ ಪುಸ್ತಕಕ್ಕೂ ಇರುವ ಗುರುತಿನ ಸಂಖ್ಯೆ ಐಎಸ್‌ಬಿಎನ್ ಬಗ್ಗೆ ಅನಗತ್ಯ ಭಯ ಇತ್ತು. ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇವೆ ಎಂದು ಹೇಳಿದವರೂ ಇದ್ದರು. ಕೊಡಬೇಡಿ. ಭಾರತದಲ್ಲಿ ಅದು ಪೂರ್ಣ ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಕೊಡುತ್ತದೆ, ಅರ್ಜಿ ಆನ್‌ಲೈನಿನಲ್ಲಿ. ಸ್ವಂತವಾಗಿ ಪ್ರಕಟಿಸುವ ಲೇಖಕರೂ ಪಡೆಯಬಹುದು. ಗುರುತಿನ ಚೀಟಿ, ವಿಳಾಸದ ಪುರಾವೆ, ಪುಸ್ತಕದ ಶೀರ್ಷಿಕೆ ಪುಟ ಮತ್ತು ಮುಖಪುಟದ ಪ್ರತಿ ಸಿದ್ಧವಿರಲಿ. ನನ್ನ ಅರ್ಜಿ ಒಮ್ಮೆ ಹಿಂದೆ ಬಂತು. ತಪ್ಪು ನನ್ನದೇ: ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ ಇದೆ, ಶೀರ್ಷಿಕೆ ಪುಟದಲ್ಲಿ ನಾನು ಒಂದಕ್ಷರದ ಇನಿಷಿಯಲ್ ಹಾಕಿದ್ದೆ. ಸರಿಪಡಿಸಿ ಮತ್ತೆ ಹಾಕಿದ ಮೇಲೆ ಮೂರು ವಾರಕ್ಕೆ ಸಂಖ್ಯೆ ಬಂತು. 978-93 ಎಂದು ಆರಂಭವಾಗುವ ಹದಿಮೂರು ಅಂಕೆಗಳು. ಅದನ್ನು ನೋಡಿದ ಕ್ಷಣ ಪುಸ್ತಕ ಹುಟ್ಟಿಬಿಟ್ಟಿತು ಎನ್ನಿಸಿತು. ಸಂಖ್ಯೆ ಬರುವ ಮೊದಲು ಮುಖಪುಟವನ್ನು ಅಚ್ಚಿಗೆ ಕೊಡಬೇಡಿ. ಬಾರ್‌ಕೋಡ್ ಹಿಂಬದಿಯಲ್ಲಿ ಕೂರಬೇಕು, ಬೆನ್ನುಡಿಯನ್ನು ಅಷ್ಟು ಮೊಟಕುಗೊಳಿಸಬೇಕಾಗುತ್ತದೆ.

ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ಬರೆದವರದು, ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿದೆ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿ ಹಾಕಿದೊಡನೆ ಅದರ ಗುರುತಿಗೆ ಒಂದು ಡೈರಿ ಸಂಖ್ಯೆ ಸಿಗುತ್ತದೆ. ಆಕ್ಷೇಪಣೆಗಳಿಗಾಗಿ ಮೂವತ್ತು ದಿನ ಕಾಯುತ್ತಾರೆ, ಪರಿಶೀಲನೆ ಆಮೇಲೆ. ಅದಕ್ಕಾಗಿ ಮುದ್ರಣ ನಿಲ್ಲಿಸಬೇಕಾಗಿಲ್ಲ.

ಮುದ್ರಣವನ್ನು ಬೆಂಗಳೂರಿನಲ್ಲಿ ಮಾಡಿಸಿದೆ. ಒಳಪುಟಗಳಿಗೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಮ್ಯಾಪ್‌ಲಿಥೊ ಎಂಬ ಮುದ್ರಣ ಕಾಗದ, 300 ಜಿಎಸ್‌ಎಂ ಮುಖಪುಟ, ಐನೂರು ಪ್ರತಿ. ಪ್ರತಿಗೆ 106 ರೂಪಾಯಿಯಂತೆ 53,000. ಪುಟವಿನ್ಯಾಸ ಪುಟಕ್ಕೆ 30ರಂತೆ 8,160, ಕರಡು ತಿದ್ದಲು 20ರಂತೆ 5,440, ಮುಖಪುಟಕ್ಕೆ 9,000, ಲಾರಿ ಪಾರ್ಸೆಲ್ 1,150, ಬಿಡುಗಡೆಯ ದಿನದ ಸಭಾಂಗಣ ಮತ್ತು ಉಪಾಹಾರಕ್ಕೆ 6,400. ನೋಂದಣಿಯ 500 ಸೇರಿದರೆ 83,650. ಇದು ನನ್ನ ಖರ್ಚು, ನಿಮ್ಮದು ಊರು ಮತ್ತು ಪುಟಗಳ ಮೇಲೆ ಹೆಚ್ಚು ಕಡಿಮೆಯಾಗುತ್ತದೆ. ಬೆಲೆ 300 ಇಟ್ಟೆ. ಅಂಗಡಿಯವರಿಗೆ ಶೇಕಡ 40 ಬಿಡಬೇಕು ಎಂಬುದು ಬೆಲೆ ಇಡುವಾಗಲೇ ಲೆಕ್ಕದಲ್ಲಿರಲಿ. ಚಿನ್ನದ ಬಳೆ ಅಡವಿಡಬೇಕಾದೀತೇ ಎಂದು ಒಂದು ವಾರ ಯೋಚಿಸಿದ್ದೆ. ಯಜಮಾನರು ಅಡಿಕೆ ಮಾರಿದ ಹಣ ತಂದು ಮೇಜಿನ ಮೇಲಿಟ್ಟು, ಏನೂ ಹೇಳದೆ ತೋಟಕ್ಕೆ ಹೋದರು.

ಯಾರೂ ಎಚ್ಚರಿಸದ ತೊಂದರೆ ಎಂದರೆ ಮಳೆ. ಕಟ್ಟುಗಳು ಜುಲೈ ಎರಡನೆಯ ವಾರ ಬಂದವು. ಶರಾವತಿ ಹಿನ್ನೀರಿನ ಸೇತುವೆ ಉದ್ಘಾಟನೆಯಾದ ವಾರವೂ ಅದೇ, ಪೇಟೆಯೆಲ್ಲ ಆ ಗಡಿಬಿಡಿಯಲ್ಲಿತ್ತು. ಲಾರಿಯ ತಾಡಪಾಲು ಎಲ್ಲೋ ಹರಿದಿತ್ತು. ಒಂದು ಕಟ್ಟು ಬಿಚ್ಚುವಾಗಲೇ ಅಂಗೈ ತಣ್ಣಗಾಯಿತು. ಇಪ್ಪತ್ಮೂರು ಪ್ರತಿಗಳು ನೀರು ಕುಡಿದು ಉಬ್ಬಿದ್ದವು, ಮುಖಪುಟದ ಮೇಲಿನ ದೊಡ್ಡಮ್ಮನ ಅಕ್ಷರಗಳ ಸುತ್ತ ಅಲೆಯಲೆಯಾಗಿ ಕಲೆ. ಉಳಿದವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಅಡಿಕೆ ಒಣಗಿಸುವ ಅಟ್ಟದ ಬೆಚ್ಚಗಿನ ಮೂಲೆಯಲ್ಲಿ ಜೋಡಿಸಿದೆ. ಮಲೆನಾಡು, ಕರಾವಳಿಯವರು ಮುದ್ರಣವನ್ನು ದೀಪಾವಳಿಯ ನಂತರ ಇಟ್ಟುಕೊಳ್ಳಿ. ಆಗದಿದ್ದರೆ ಪ್ರತಿ ಕಟ್ಟಿಗೂ ಪ್ಲಾಸ್ಟಿಕ್ ಹೊದಿಸಿ ಕಳುಹಿಸಲು ಮುದ್ರಕರಿಗೆ ಮೊದಲೇ ಹೇಳಿ.

ಅಂಚೆಯ ವಿಷಯ. ಪುಸ್ತಕಗಳಿಗೆ ಅಗ್ಗವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಹಿಂದೆ ಪುಸ್ತಕ ಮಾಡಿದವರು ಹೇಳುವ ಅಂಚೆವೆಚ್ಚವನ್ನು ನಂಬಿ ಲೆಕ್ಕ ಹಾಕಬೇಡಿ, ಒಂದು ಪ್ರತಿಯನ್ನು ತೂಗಿಸಿಯೇ ದರ ತಿಳಿದುಕೊಳ್ಳಿ. ಇನ್ನು ಆರಂಭದಲ್ಲಿ ಹೇಳಿದ ನಾಲ್ಕು ಪೊಟ್ಟಣಗಳು: ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ ಬಗೆಗಿನ 1954ರ ಕಾಯಿದೆಯ ಪ್ರಕಾರ ಪ್ರಕಟವಾದ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಮೂರು ಗ್ರಂಥಾಲಯಗಳಿಗೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಪ್ರತಿ ಕಳುಹಿಸಬೇಕು. ಸ್ವಂತ ಪ್ರಕಟಣೆಯಲ್ಲಿ ಪ್ರಕಾಶಕರು ನಾವೇ. ನನಗೆ ಇದನ್ನು ಹೇಳಿದವರು ನಿವೃತ್ತ ಗ್ರಂಥಪಾಲಕರೊಬ್ಬರು, ಇಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಬಿಡುಗಡೆಗೆ ಜನ ಬರುತ್ತಾರೋ ಇಲ್ಲವೋ ಎಂಬ ಆತಂಕವಿತ್ತು. ಸಭಾಂಗಣ ಮುಕ್ಕಾಲು ತುಂಬಿತು, 96 ಪ್ರತಿ ಹೋದವು. ಎಲ್ಲ ಮುಗಿದ ಮೇಲೆ ಕೋಲೂರಿಕೊಂಡು ಒಬ್ಬ ಹಿರಿಯರು ಬಂದರು. ಮುಳುಗಡೆಯಲ್ಲಿ ಮನೆ ಕಳೆದುಕೊಂಡಾಗ ಅವರಿಗೆ ಹನ್ನೆರಡು ವರ್ಷವಂತೆ. ನನಗೆ ಅತಿ ಹೆಚ್ಚು ಭಯವಿದ್ದದ್ದು ಇವರಂಥವರ ಬಗ್ಗೆಯೇ. ಅರವತ್ತು ವರ್ಷದ ಮೇಲೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಕುಟುಂಬಗಳ ನೋವನ್ನು ನಾನು ದೆವ್ವದ ಕಥೆ ಮಾಡಿಬಿಟ್ಟೆನೇ ಎಂದು ಬರೆಯುವಾಗ ಎಷ್ಟೋ ಸಲ ಪೆನ್ನು ಕೆಳಗಿಟ್ಟಿದ್ದೇನೆ. ಅವರು ಮುಖಪುಟವನ್ನು ಬಹಳ ಹೊತ್ತು ನೋಡಿದರು. “ನಮ್ಮ ಮನೆ ಬಾಗಿಲು ಬಿಚ್ಚಿ ತರಲು ಆಗಲಿಲ್ಲ ಮಗಳೇ. ನೀರು ಬಂದ ಮೇಲೆ ತೇಲಿಕೊಂಡು ಬಂದಿತು. ಅಪ್ಪ ಅದನ್ನು ಹಿಡಿಯಲಿಲ್ಲ, ಹೋಗಲಿ ಎಂದರು” ಎಂದು ಎರಡು ಪ್ರತಿ ತೆಗೆದುಕೊಂಡರು. ಹಣ ಬೇಡವೆಂದರೂ ಕೇಳಲಿಲ್ಲ.

ಮುಂಗಡವಾಗಿ ಪ್ರತಿ ಕೇಳಿದ್ದವರಿಗೆ ಅಂಚೆಯಲ್ಲಿ 118 ಹೋದವು, ಅಂಗಡಿಗಳಲ್ಲಿ 120 ಇವೆ, ಅವುಗಳ ಹಣ ಮಾರಾಟವಾದ ಮೇಲೆ. ಇಲ್ಲಿಯವರೆಗೆ ಕೈಗೆ ಬಂದದ್ದು 59,400. ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಬೇಕು, ಕಾಗದಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟಿದ್ದೇನೆ.

ಕಳೆದ ವಾರ ಅತ್ತಿಗೆ ಫೋನ್ ಮಾಡಿ 143ನೆಯ ಪುಟ ತೆಗೆಯಲು ಹೇಳಿದರು. ಆ ಒಂದು ಪುಟಕ್ಕೆ ತಿದ್ದುವ ಮೊದಲಿನ ಹಳೆಯ ಕಡತ ಸೇರಿಬಿಟ್ಟಿದೆ. ಸೂಲಗಿತ್ತಿಯ ಮಾತಿನ ನಡುವೆ, ಏಳನೆಯ ಸಾಲಿನಲ್ಲಿ, ‘ಧಮರ್’ ಹಾಗೆಯೇ ನಿಂತಿದೆ. ಅಟ್ಟದಲ್ಲಿ 112 ಪ್ರತಿಗಳು ಉಳಿದಿದ್ದವು. ದಿನಕ್ಕೆ ಹತ್ತರಂತೆ ಕೆಳಗೆ ತಂದು, ಸಣ್ಣ ಮೊನೆಯ ಕಪ್ಪು ಪೆನ್ನಿನಿಂದ ‘ರ್’ ಮೇಲೆ ಗೆರೆ ಎಳೆದು, ‘ಮ’ದ ಬಲಕ್ಕೆ ಅರ್ಕಾವತ್ತು ಹಾಕಿ, ಶಾಯಿ ಒಣಗುವ ತನಕ ಪುಟ ತೆರೆದಿಡುತ್ತಿದ್ದೇನೆ. ಮಳೆಗಾಲವಾದ್ದರಿಂದ ಒಣಗಲು ಹೊತ್ತು ಬೇಕು. ಐವತ್ತು ಮುಗಿದಿವೆ.